ಕಾರ್ಪೊರೇಟರ್ ಆಗಿಯೇ ಉಳಿದರೆ ತಪ್ಪೇನು?

ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಕಾರ್ಪೊರೇಟರ್‌ಗಳ ಮೇಲೆ ನಿಮ್ಮ ಪತ್ರಿಕೆಗೆ ಯಾಕಿಷ್ಟು ಮಮತೆ? ಜಾಣನಾದವನು ಒಂದು ಅವಧಿ ಮುಗಿಸಿ ಶಾಸಕನಾಗುತ್ತಾನೆ. ಅಲ್ಲೇ ಬೇರು ಬಿಟ್ಟವರು ಒಂದೋ ಕೈಲಾಗದವರು, ಇಲ್ಲವೇ ಗುತ್ತಿಗೆದಾರರ ಪಾಲುದಾರರು.’

ಸ್ವಾಮಿ, ನಿಮ್ಮ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಷಿಕಾಗೊ ನಗರಸಭೆಯ ಸದಸ್ಯ ಎಡ್ ಬರ್ಕ್ 1969ರಿಂದ 2023ರವರೆಗೆ, ಒಟ್ಟು 54 ವರ್ಷ, ಜಾಗ ಬಿಟ್ಟು ಕದಲಲಿಲ್ಲ. ನಗರಸಭೆಯಿಂದ ಕೆಲಸ ಆಗಬೇಕಾದವರು ತೆರಿಗೆ ವ್ಯವಹಾರವನ್ನು ಬರ್ಕ್ ಅವರ ವಕೀಲಿ ಸಂಸ್ಥೆಗೇ ಕೊಡಲಿ ಎಂದು ಒತ್ತಡ ಹಾಕಿದ್ದು ಸಾಬೀತಾಗಿ, 2024ರಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು. ಇಷ್ಟು ನಿಮ್ಮ ಕಡೆಗೆ.

ಆದರೆ ‘ಕೈಲಾಗದವರು’ ಎಂದಿರಲ್ಲ, ಅದನ್ನು ಒಪ್ಪಲಾರೆ. ವಲ್ಲಭಭಾಯಿ ಪಟೇಲರು 1917ರಲ್ಲಿ ಅಹಮದಾಬಾದ್ ಪುರಸಭೆಗೆ ಹೋದಾಗ ಕೈತುಂಬ ಸಂಪಾದನೆಯಿದ್ದ ಬ್ಯಾರಿಸ್ಟರ್. ವಹಿಸಿಕೊಂಡದ್ದು ನೈರ್ಮಲ್ಯ ಸಮಿತಿಯನ್ನು. ಅದೇ ವರ್ಷ ಊರಿಗೆ ಪ್ಲೇಗ್ ಬಂತು. ಅನುಕೂಲಸ್ಥರು ಊರು ಬಿಟ್ಟರು, ಇವರು ಬಿಡಲಿಲ್ಲ. ಚರಂಡಿ, ನೀರು, ನಲ್ಲಿ ತೆರಿಗೆ, ಸಿಬ್ಬಂದಿಯ ಸೋಮಾರಿತನ, ಇವೇ ಅವರ ರಾಜಕೀಯ. 1922ರಲ್ಲಿ ಸರ್ಕಾರ ಪುರಸಭೆಯನ್ನೇ ಸೂಪರ್‌ಸೀಡ್ ಮಾಡಿತು; 1924ರಲ್ಲಿ ಮತ್ತೆ ಗೆದ್ದು ಅಧ್ಯಕ್ಷರಾದರು. 1927ರ ಮಹಾಮಳೆಯಲ್ಲಿ ಊರು ಮುಳುಗಿದಾಗ ಪರಿಹಾರದ ಕೆಲಸಕ್ಕೆ ನಿಂತವರೂ ಅವರೇ. 1928ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು, ಆ ವರ್ಷವೇ ಬಾರ್ಡೋಲಿಯ ರೈತ ಸತ್ಯಾಗ್ರಹ. ನಮ್ಮ ಪಠ್ಯಪುಸ್ತಕಗಳಿಗೆ ಪಟೇಲರು ಹುಟ್ಟುವುದೇ ಬಾರ್ಡೋಲಿಯಲ್ಲಿ! ಹಿಂದಿನ ಹನ್ನೊಂದು ವರ್ಷ ಅವರೇನು ಕಾಯುತ್ತ ಕೂತಿದ್ದರೇ? ಜನರನ್ನು ಒಟ್ಟು ಹಾಕುವುದು, ಲೆಕ್ಕ ಇಡುವುದು, ಅಧಿಕಾರಿಗೆ ಎದುರು ನಿಲ್ಲುವುದು, ಇದೆಲ್ಲ ಅವರಿಗೆ ಪಳಗಿದ್ದು ಪುರಸಭೆಯ ಮೇಜಿನ ಮುಂದೆ ಎಂದೇ ನಾನು ನಂಬಿದ್ದೇನೆ.

ಹೊರಗಿನವರೂ ಬೇಕೆಂದರೆ ಟಾಮ್ ಬ್ರಾಡ್ಲಿ ಇದ್ದಾರೆ. ಪೊಲೀಸ್ ಕೆಲಸ ಬಿಟ್ಟು 1963ರಲ್ಲಿ ಲಾಸ್ ಏಂಜಲಿಸ್ ನಗರಸಭೆ ಸೇರಿದ ಕಪ್ಪು ವರ್ಣೀಯ. ಹತ್ತು ವರ್ಷ ಅಲ್ಲಿ ದುಡಿದರು, ನಡುವೆ 1969ರಲ್ಲಿ ಮೇಯರ್ ಚುನಾವಣೆ ಸೋತರು, 1973ರಲ್ಲಿ ಗೆದ್ದರು. ಮುಂದಿನ ಇಪ್ಪತ್ತು ವರ್ಷ ಆ ಊರಿಗೆ ಬೇರೆ ಮೇಯರ್ ಬೇಕಾಗಲಿಲ್ಲ.

ಈಗ ನಮ್ಮಲ್ಲಿ ನೋಡಿ. ಯಾರನ್ನು ಉಳಿಯಲು ಬಿಟ್ಟಿದ್ದೇವೆ? ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಇಂಜಿನಿಯರ್ ಫೈಲು ಅದುಮಿಡುತ್ತಾನೆ ಎಂದು ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮುಂದಿನ ಸಲಕ್ಕೆ ವಾರ್ಡಿನ ಮೀಸಲಾತಿ ಬದಲಾಗಿರುತ್ತದೆ. ಮೀಸಲಾತಿ ಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಪ್ರತಿ ಚುನಾವಣೆಗೂ ಪಟ್ಟಿಯನ್ನು ಕಲಸಿದರೆ, ಮೀಸಲಿನಿಂದಲೇ ಬಂದು ಕೆಲಸ ಕಲಿತ ಹೆಣ್ಣುಮಗಳೂ ಮನೆಗೆ ಹೋಗಬೇಕಾಗುತ್ತದೆ. ಮೇಯರ್‌ಗಂತೂ ಸಿಗುತ್ತಿದ್ದುದು ಒಂದೇ ವರ್ಷ. ಹಾರ, ಶಾಲು, ಬಜೆಟ್ ಭಾಷಣ, ಬೀಳ್ಕೊಡುಗೆ.

ಇದೂ ಹೋಗಲಿ, ಸಭೆಯಾದರೂ ಇತ್ತೇ? 198 ವಾರ್ಡುಗಳ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದಿನದೇ ಒಂದು ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಆದರೂ ವಾರ್ಡುಗಳನ್ನು 243 ಮಾಡಿದರು, ಆಮೇಲೆ 225 ಮಾಡಿದರು, 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಐದು ವರ್ಷ ದಾಟಿದರೂ ಮತಪೆಟ್ಟಿಗೆ ಮಾತ್ರ ಹೊರಗೆ ಬರಲಿಲ್ಲ. ಒಬ್ಬ ಶಾಸಕರಿಗೂ ಇದರಿಂದ ನಿದ್ದೆ ಕೆಟ್ಟಂತೆ ನನಗೆ ಕಾಣಲಿಲ್ಲ. ಯಾಕೆ ಕೆಡಬೇಕು? ವಾರ್ಡಿನ ಅನುದಾನಕ್ಕೆ ಕೈಹಾಕುವ ಇನ್ನೊಬ್ಬ ಇರಲಿಲ್ಲವಲ್ಲ. 2020ರ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿತ್ತು. ಆ ಕಾಯ್ದೆಯ ಕೆಳಗೆ ಒಬ್ಬ ಮೇಯರ್ ಕೂಡ ಕುರ್ಚಿಯಲ್ಲಿ ಕೂರಲಿಲ್ಲ.

ನೀವು ಬೈದ ಕಾರ್ಪೊರೇಟರ್ ಮನೆ ನಿಮ್ಮ ಬೀದಿಯ ಆಚೆಗೇ ಇರುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು ‘ನೀರು ಬಂದಿಲ್ಲ’ ಎಂದು ಗದರಬಹುದಿತ್ತು. ಅವರ ಜಾಗಕ್ಕೆ ಬಂದ ಆಡಳಿತಾಧಿಕಾರಿಯ ಮನೆ ಎಲ್ಲಿದೆ ಎಂದು ನೀವು ವಿಚಾರಿಸಿಕೊಳ್ಳುವಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ.