ಬಿಸಿಯಾಗಿ ನಿಧಾನವಾಗುವ ಎಕ್ಸ್04 ಮೋಟರ್
ಎಕ್ಸ್04 ಮೋಟರ್ ಇರುವ ಹಳೆಯ ಟ್ರೈಯಾಂಗ್ ಮಾದರಿ ರೈಲಿನ ಎಂಜಿನ್ ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗಿ ನಿಧಾನವಾಗುವುದಕ್ಕೆ ಬಹುಶಃ ಕಮ್ಯುಟೇಟರ್‌ನ (ಸುರುಳಿಗಳಿಗೆ ವಿದ್ಯುತ್ ಕೊಡುವ, ತಿರುಗುವ ತಾಮ್ರದ ತುಣುಕುಗಳ) ಸೀಳುಗಳಲ್ಲಿ ತುಂಬಿದ ಇಂಗಾಲದ ಪುಡಿಯೇ ಕಾರಣ. ಮೊದಲು, ಕಮ್ಯುಟೇಟರ್ ಮೇಲೆ ಒತ್ತಿ ಕೂತು ವಿದ್ಯುತ್ ಒಯ್ಯುವ ಇಂಗಾಲದ ಬ್ರಷ್‌ಗಳ ಸ್ಪ್ರಿಂಗ್ ತೆಗೆಯಿರಿ. ಅದರ ಯಾವ ಕಾಲಿಗೆ ನಿರೋಧಕ ಕೊಳವೆ ಇದೆಯೆಂದು ಗುರುತಿಟ್ಟುಕೊಳ್ಳಿ. ಅದಲುಬದಲಾದರೆ ಶಾರ್ಟ್ ಆಗುತ್ತದೆ. ಮೂರು ಸೀಳುಗಳನ್ನೂ ಹಲ್ಲುಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ತಾಮ್ರವನ್ನು ಒರೆಸಿ. ಮರಳು ಕಾಗದ ಬೇಡವೇ ಬೇಡ. ಸವೆದ ಬ್ರಷ್ ಬದಲಿಸಿ, ಬೇರಿಂಗ್‌ಗಳಿಗೆ ತೆಳು ಎಣ್ಣೆ ತಲಾ ಒಂದೇ ಹನಿ ಬಿಡಿ.

ಆಯಸ್ಕಾಂತವನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಅಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಇರುವ ಮಿಶ್ರಲೋಹ) ಆಯಸ್ಕಾಂತ ತನ್ನ ಕಬ್ಬಿಣದ ಚೌಕಟ್ಟಿನಿಂದ ಬೇರ್ಪಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ.

ಇಷ್ಟಾದರೂ ಬಿಸಿಯಾದರೆ, ಸುರುಳಿಯ ದೋಷವೋ ಆಯಸ್ಕಾಂತದ್ದೋ ಇಲ್ಲಿಂದ ಹೇಳಲಾರೆ. ಬ್ರಷ್ ತೆಗೆದು ಕಮ್ಯುಟೇಟರ್‌ನ ಪಕ್ಕಪಕ್ಕದ ತುಣುಕುಗಳ ನಡುವಿನ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆಯಿರಿ. ಮೂರೂ ಅಳತೆ ಸಮನಾಗಿದ್ದರೆ ಆಯಸ್ಕಾಂತದ ಮೇಲೆಯೇ ನನ್ನ ಅನುಮಾನ; ಹೆಚ್ಚು ಶಕ್ತಿಯ ನಿಯೋಡಿಮಿಯಂ ಆಯಸ್ಕಾಂತ ಹಾಕಿಸಿ. ಒಂದು ಬೇರೆಯಾಗಿದ್ದರೆ ಆರ್ಮೇಚರ್ (ಸುರುಳಿಗಳಿರುವ ತಿರುಗುವ ಭಾಗ) ಬದಲಿಸಿ.