ಒಟಾರ್: ಕದಿಯುವವರಿಗಿಂತ ಆಫ್ ಆಗಿ ಕೂತ ರೇಡಿಯೋ ಬಗ್ಗೆ ಯೋಚಿಸಿ

ಸರ್, ಟೆಕ್ಸಾಸ್‌ನ ಒಂದು ಕೌಂಟಿ ರೇಡಿಯೋ ಶಾಪ್‌ಗೆ ಹೊಸದಾಗಿ ಸೇರಿದ್ದೀರಿ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಎರಡು. ಪೊಲೀಸರ ಪಿ25 (ಅಮೆರಿಕದ ಪೊಲೀಸ್, ತುರ್ತು ಸೇವೆಗಳ ಡಿಜಿಟಲ್ ರೇಡಿಯೋ ಮಾನದಂಡ) ರೇಡಿಯೋಗಳಿಗೆ ಹೊಸ ಎನ್‌ಕ್ರಿಪ್ಶನ್ ಕೀ, ಅಂದರೆ ಮಾತನ್ನು ಗುಟ್ಟಾಗಿಡುವ ಬೀಗದ ಕೀ, ಗಾಳಿಯಲ್ಲೇ ಕಳಿಸಿದರೆ (ಇದಕ್ಕೇ ಒಟಾರ್ ಅನ್ನೋದು) ದಾರಿಯಲ್ಲಿ ಯಾರೂ ಹಿಡಿಯೋದಿಲ್ವಾ? ಮತ್ತೆ, ಕೀ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?

ಹಿಡಿಯಬಹುದು, ಆದರೆ ಉಪಯೋಗವಿಲ್ಲ. ರೇಡಿಯೋದಲ್ಲಿ ಎರಡು ಬಗೆಯ ಕೀ ಇರುತ್ತವೆ. ಮಾತಿಗೆ ಬೀಗ ಹಾಕುವುದು ಟಿಇಕೆ. ಆ ಟಿಇಕೆಗೇ ಬೀಗ ಹಾಕಿ ಕಳಿಸಲು ಇರುವುದು ಕೆಇಕೆ. ಮೊದಲ ಕೆಇಕೆಯನ್ನು ಕೀ ಲೋಡರ್ ಅನ್ನುವ ಕೀ ತುಂಬುವ ಸಾಧನದ ಕೇಬಲ್ ಸಿಕ್ಕಿಸಿ ಕೈಯಾರೆ ಹಾಕಬೇಕು, ಪ್ರತಿ ರೇಡಿಯೋಗೂ ಬೇರೆ ಬೇರೆ. ಕೀಗಳನ್ನೆಲ್ಲ ನಿರ್ವಹಿಸುವ ಕೆಎಂಎಫ್ ಸರ್ವರ್ ಹೊಸ ಟಿಇಕೆಯನ್ನು ಆಯಾ ರೇಡಿಯೋದ ಕೆಇಕೆಯಲ್ಲಿ ಸುತ್ತಿ ಕಳಿಸುತ್ತದೆ. ಹಳೇ ಸಂದೇಶವನ್ನು ರೆಕಾರ್ಡ್ ಮಾಡಿ ಮತ್ತೆ ಬಿಟ್ಟರೂ ನಡೆಯಲ್ಲ. ಪ್ರತಿ ಸಂದೇಶಕ್ಕೂ ನಂಬರ್ ಇರುತ್ತದೆ, ಹಿಂದಿನ ನಂಬರ್ ಬಂದರೆ ರೇಡಿಯೋ ಒಪ್ಪುವುದಿಲ್ಲ.

ಒಂದು ರೇಡಿಯೋ ಕಳೆದುಹೋದರೆ ಇದರ ಬೆಲೆ ಗೊತ್ತಾಗುತ್ತದೆ. ಅದನ್ನು ಪಟ್ಟಿಯಿಂದ ತೆಗೆದು ಉಳಿದವಕ್ಕೆಲ್ಲ ಹೊಸ ಕೀ ಕಳಿಸಿದರೆ ಆಯ್ತು. ಕಳೆದದ್ದರೊಳಗಿನ ಕೀ ಅಳಿಸುವ ಕಮಾಂಡ್ ಕೂಡ ಇದೆ. ಆದರೆ ಅದು ಆನ್ ಆಗಿದ್ದು, ಕವರೇಜ್ ಒಳಗೆ ಇದ್ದರೆ ಮಾತ್ರ ತಲುಪುತ್ತದೆ. ಅದೊಂದನ್ನೇ ನಂಬಿ ಕೂರಬೇಡಿ. ಗುಂಪಿಗೆಲ್ಲ ಒಂದೇ ಕೆಇಕೆ ಕೂಡ ಕೊಟ್ಟಿದ್ದರೆ ಅದನ್ನೂ ಬದಲಾಯಿಸಲೇಬೇಕು.

ನಿಜವಾದ ತಲೆನೋವು ಬೇರೆ ಇದೆ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬ್ಲೇಜ್ ತಂಡ ಪಿ25 ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಅಮೆರಿಕದ ಕೆಲವು ನಗರಗಳಲ್ಲಿ ಫೆಡರಲ್ ಏಜೆಂಟರ ರೇಡಿಯೋ ಕೇಳುತ್ತಾ ಹೋದರೆ, ಗುಟ್ಟಾಗಿರಬೇಕಾದ ಮಾತು ದಿನವೂ ಬೀಗವಿಲ್ಲದೆ ಹೊರಬರುತ್ತಿತ್ತು. ಯಾರೂ ಎಇಎಸ್ ಅನ್ನುವ ಎನ್‌ಕ್ರಿಪ್ಶನ್ ವಿಧಾನವನ್ನು ಒಡೆದಿರಲಿಲ್ಲ. ಕೆಲವರು ಎನ್‌ಕ್ರಿಪ್ಶನ್ ಸ್ವಿಚ್ ಹಾಕಿದ್ದೇವೆ ಅಂದುಕೊಂಡಿದ್ದರು, ಹಾಕಿರಲಿಲ್ಲ. ಇನ್ನು ಕೆಲವು ಕಡೆ ಒಬ್ಬರ ರೇಡಿಯೋದಲ್ಲಿ ಹೊಸ ಕೀ ಇಲ್ಲ, ಅವರಿಗೆ ಕೇಳಿಸಲ್ಲ. ಅವರಿಗಾಗಿ ಇಡೀ ತಂಡ ಎನ್‌ಕ್ರಿಪ್ಶನ್ ಆಫ್ ಮಾಡಿ ಮಾತಾಡುತ್ತಿತ್ತು. ಕೀಯನ್ನು ಅಷ್ಟು ಬೇಗ ಬೇಗ ಬದಲಾಯಿಸಬೇಡಿ ಅಂತಲೇ ಆ ತಂಡ ಹೇಳಿತು. ನನಗೂ ಅದೇ ಸರಿ ಅನಿಸುತ್ತದೆ. ನಿಮ್ಮ ಇಲಾಖೆಯ ನಿಯಮ ಬೇರೆ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಸಾಕು. ರೇಡಿಯೋ ಕಳೆದರೆ ತಕ್ಷಣ.

ಬದಲಾಯಿಸುವಾಗ ಅವಸರ ಬೇಡ. ರೇಡಿಯೋದಲ್ಲಿ ಎರಡು ಕೀಸೆಟ್ (ಕೀಗಳ ಗುಂಪು) ಇರುತ್ತವೆ, ಒಂದು ಚಾಲ್ತಿಯಲ್ಲಿ, ಇನ್ನೊಂದು ಸುಮ್ನೆ ಕಾಯುತ್ತಾ. ಹೊಸ ಕೀಯನ್ನು ಕಾಯುವ ಸೆಟ್‌ಗೆ ಕಳಿಸಿ, ಕೆಲವು ವಾರ ಬಿಡಿ. ರಜೆಯಲ್ಲಿದ್ದವರು ಬರಲಿ, ಡ್ರಾಯರ್‌ನಲ್ಲಿ ಬಿದ್ದಿರುವ ಸ್ಪೇರ್ ರೇಡಿಯೋಗಳನ್ನು ಚಾರ್ಜ್ ಮಾಡಿ ಆನ್ ಮಾಡಿಸಿ. ಬಹುತೇಕ ಎಲ್ಲ ರೇಡಿಯೋಗಳಿಂದ ‘ಬಂತು’ ಅನ್ನುವ ಉತ್ತರ ಬಂದ ಮೇಲೆ, ಹೊಸ ಸೆಟ್‌ಗೆ ಬದಲಾಗಲು ಹೇಳುವ ಚೇಂಜ್‌ಓವರ್ ಕಮಾಂಡ್ ಕೊಡಿ. ಉತ್ತರ ಬಾರದ ಎರಡು ಮೂರು ರೇಡಿಯೋಗಳನ್ನು ಶಾಪ್‌ಗೆ ಕರೆಸಿ ಕೇಬಲ್‌ನಲ್ಲೇ ಹಾಕಿ, ಅವಕ್ಕಾಗಿ ಕಾಯುತ್ತಾ ಕೂರಬೇಡಿ. ಹಳೇ ಕೀಯನ್ನು ಕೂಡಲೇ ಅಳಿಸಲೂ ಬೇಡಿ. ಚೇಂಜ್‌ಓವರ್ ತಪ್ಪಿಸಿಕೊಂಡ ರೇಡಿಯೋ ಇನ್ನೂ ಹಳೇ ಕೀಯಲ್ಲೇ ಮಾತಾಡುತ್ತಿರುತ್ತದೆ, ಅದು ಉಳಿದವರಿಗೆ ಕೇಳಿಸಬೇಕಲ್ವಾ?

ಕೀ ಐಡಿಯನ್ನು, ಅಂದರೆ ಕೀಯ ಗುರುತಿನ ನಂಬರನ್ನು, ಪ್ರತಿ ಸಲವೂ ಹೊಸದೇ ಕೊಡಿ. ಮಾತಿನ ಜೊತೆ ಅಲ್ಗಾರಿದಮ್ ನಂಬರ್ (ಯಾವ ಎನ್‌ಕ್ರಿಪ್ಶನ್ ವಿಧಾನ ಅನ್ನುವ ಗುರುತು), ಕೀ ಐಡಿ ಎರಡೂ ಬೀಗವಿಲ್ಲದೆ ಹೋಗುತ್ತವೆ. ಕೇಳುವ ರೇಡಿಯೋ ಅದನ್ನು ನೋಡಿಯೇ ಕೀ ಹುಡುಕುತ್ತದೆ. ಐಡಿ ಅದೇ, ಒಳಗಿನ ಕೀ ಬೇರೆ ಆದರೆ ಬರೀ ಗರಗರ ಸದ್ದು ಕೇಳುತ್ತದೆ, ಕಾರಣ ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ಅಲ್ಗಾರಿದಮ್ ನಂಬರ್ 84 ಬಂದರೆ ಎಇಎಸ್-256, ಸರಿ. 81 ಬಂದರೆ ಡಿಇಎಸ್ ಅನ್ನುವ ಹಳೇ ವಿಧಾನ. ಅದನ್ನು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2005ರಲ್ಲೇ ಕೈಬಿಟ್ಟಿದೆ, ಮೊದಲು ಅದನ್ನು ಸರಿಮಾಡಿಸಿ.

ಹಾಂ, ಇದನ್ನೆಲ್ಲ ಹ್ಯಾಮ್ ಬ್ಯಾಂಡ್‌ನಲ್ಲಿ (ಹವ್ಯಾಸಿ ರೇಡಿಯೋದವರ ತರಂಗಾಂತರಗಳಲ್ಲಿ) ಪ್ರಯೋಗ ಮಾಡಬೇಡಿ. ಅಮೆರಿಕದಲ್ಲೂ ಇಂಡಿಯಾದಲ್ಲೂ ಅಲ್ಲಿ ಗುಟ್ಟಿನ ಮಾತಿಗೆ ಅವಕಾಶವಿಲ್ಲ.

ಕೊನೆಗೆ, ಗುಟ್ಟಿನ ಚಾನೆಲ್‌ಗಳಲ್ಲಿ ಎನ್‌ಕ್ರಿಪ್ಶನ್ ಸ್ವಿಚ್ ಕೆಲಸ ಮಾಡದಂತೆ ಪ್ರೋಗ್ರಾಂ ಮಾಡಿ, ಆ ಚಾನೆಲ್ ಯಾವಾಗಲೂ ಬೀಗದಲ್ಲೇ ಇರಲಿ. ನಿಮ್ಮ ಕೆಎಂಎಫ್ ಪಟ್ಟಿಯಲ್ಲಿ ಈಗ ಎಷ್ಟು ರೇಡಿಯೋ ಉತ್ತರ ಕೊಡದೆ ಕೂತಿವೆ ಅಂತ ನೋಡಿ ಇಲ್ಲೇ ಹಾಕಿ, ಮುಂದಿನದು ಮಾತಾಡೋಣ.