ಶ್ವಾಸಕೋಶದ ಆಪರೇಷನ್: ಬೆನ್ನಿಗೆ ಕೊಡುವ ಇಂಜೆಕ್ಷನ್‌ಗೆ ಹೆದರಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ಅಪ್ಪಯ್ಯನಿಗೆ 64 ವರ್ಷ. ಬಲಗಡೆಯ ಶ್ವಾಸಕೋಶದಲ್ಲಿ ಗಡ್ಡೆ ಇದೆ, ಮುಂದಿನ ವಾರ ಮಂಗಳೂರಿನಲ್ಲಿ ಆಪರೇಷನ್. ನೋವು ಕಮ್ಮಿಯಾಗಲು ಬೆನ್ನಿನ ಹತ್ತಿರ ‘ನರ್ವ್ ಬ್ಲಾಕ್’ (ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡುತ್ತೇವೆ ಅಂದಿದ್ದಾರೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲಿನ ಬಲ ಹೋಗುತ್ತದೆ ಅಂತ ಯಾರೋ ಹೇಳಿ ಅಮ್ಮ ಹೆದರಿದ್ದಾರೆ. ಮಾತ್ರೆ ಸಾಲದಾ?
– ಓದುಗರು, ಬ್ರಹ್ಮಾವರ

ಉತ್ತರ: ಬರೀ ಮಾತ್ರೆ ಸಾಲುವುದಿಲ್ಲ. ಎದೆಯ ಆಪರೇಷನ್ ನೋವೇ ಬೇರೆ. ಕೈಗೆ ಗಾಯವಾದರೆ ಕೈ ಅಲ್ಲಾಡಿಸದೆ ಇಡಬಹುದು, ಪಕ್ಕೆಲುಬಿನ ನಡುವೆ ಕೊಯ್ದಿದ್ದರೆ ಪ್ರತಿ ಉಸಿರಿಗೂ ಅದು ಅಲ್ಲಾಡುತ್ತದೆ, ಜೊತೆಗೆ ಎದೆಯೊಳಗಿನ ಗಾಳಿ, ನೀರು ಹೊರಗೆ ಹೋಗಲು ಅಲ್ಲೇ ಒಂದು ಟ್ಯೂಬ್ ಬೇರೆ ಇರುತ್ತದೆ. ನೋವು ಹತೋಟಿಯಲ್ಲಿ ಇಲ್ಲದವರನ್ನು ವಾರ್ಡ್‌ನಲ್ಲಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಂಚದ ತುದಿಯಲ್ಲಿ ಒಂದು ಕಡೆಗೆ ವಾಲಿ ಕೂತಿರುತ್ತಾರೆ, ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟರೆ ಒಂದು ಚೆಂಡೂ ಮೇಲೆ ಏಳುವುದಿಲ್ಲ, ಕೆಮ್ಮಿ ಅಂದರೆ ಗಂಟಲಲ್ಲೇ ಸಣ್ಣಗೆ ಕೆಮ್ಮಿ ನಿಲ್ಲಿಸುತ್ತಾರೆ. ಕಫ ಒಳಗೇ ಉಳಿಯುತ್ತದೆ. ಆಮೇಲೆ ನ್ಯುಮೋನಿಯಾ. ಹಾಗಾಗಿ ಬ್ಲಾಕ್ ಕೊಡುವುದು ಸುಮ್ನೆ ಆರಾಮಕ್ಕೆ ಅಲ್ಲ, ಅಪ್ಪಯ್ಯ ಗಟ್ಟಿಯಾಗಿ ಕೆಮ್ಮಬೇಕು ಅಂತ. ಮಾರ್ಫಿನ್ ಜಾಸ್ತಿ ಕೊಟ್ಟೂ ನೋವು ಇಳಿಸಬಹುದು, ಆದರೆ ಮಂಪರು, ವಾಂತಿ, ಮಲಬದ್ಧತೆ ಬರುತ್ತದೆ, ಉಸಿರಾಟವೂ ನಿಧಾನವಾಗುತ್ತದೆ.

ಈಗ ಅಮ್ಮನ ಹೆದರಿಕೆಗೆ ಬರೋಣ. ಹಿಂದಿನಿಂದ ಬಂದ ಪದ್ಧತಿ ಎಪಿಡ್ಯೂರಲ್, ಬೆನ್ನುಮೂಳೆಯ ಒಳಗೆ ಸಣ್ಣ ನಳಿಗೆ ಇಡುವುದು. ನೋವು ಚೆನ್ನಾಗಿ ಇಳಿಯುತ್ತದೆ, ಆದರೆ ಬಿಪಿ ಕೆಳಗೆ ಬರಬಹುದು, ಮೂತ್ರ ಕಟ್ಟಬಹುದು. ನರ್ವ್ ಬ್ಲಾಕ್‌ನ ಒಂದು ಬಗೆಯಾದ ಪ್ಯಾರಾವರ್ಟಿಬ್ರಲ್ ಬ್ಲಾಕ್‌ನಲ್ಲಿ ಔಷಧ ಹೋಗುವುದು ಬೆನ್ನುಮೂಳೆಯ ಪಕ್ಕಕ್ಕೆ, ನರಗಳು ಹೊರಗೆ ಬರುವ ಜಾಗಕ್ಕೆ, ಅದೂ ಆಪರೇಷನ್ ಆಗುವ ಬದಿಗೆ ಮಾತ್ರ, ಹಾಗಾಗಿ ಆ ತೊಂದರೆಗಳು ಕಮ್ಮಿ. 2016ರಲ್ಲಿ ಮೊದಲು ವರದಿಯಾದ ಇರೆಕ್ಟರ್ ಸ್ಪೈನೆ ಬ್ಲಾಕ್‌ನಲ್ಲಿ ಸೂಜಿ ಅಷ್ಟು ಆಳಕ್ಕೂ ಹೋಗದೆ, ಬೆನ್ನಿನ ಸ್ನಾಯುವಿನ ಅಡಿಯಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಲ್ಲಿ ಸೂಜಿಯನ್ನು ನೋಡಿಕೊಂಡೇ ಕೊಡುತ್ತಾರೆ. ಅಪಾಯ ಸೊನ್ನೆ ಅಂತ ನಾನು ಹೇಳುವುದಿಲ್ಲ, ಆದರೆ ಕಾಲಿನ ಬಲ ಹೋಗುವಂಥ ನರದ ಪೆಟ್ಟು ಬಹಳ ಅಪರೂಪ.

ನೀವು ಮುಖ್ಯವಾಗಿ ಹೇಳಬೇಕಾದ್ದು ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ. ಅಪ್ಪಯ್ಯನಿಗೆ ಸ್ಟೆಂಟ್ ಹಾಕಿದ್ದರೆ, ಕ್ಲೋಪಿಡೊಗ್ರೆಲ್ ಥರದ್ದು ತಗೊಳ್ತಿದ್ದರೆ, ಅರಿವಳಿಕೆ ಡಾಕ್ಟರಿಗೆ ಇವತ್ತೇ ತಿಳಿಸಿ. ರಕ್ತಸ್ರಾವದ ಭಯ ಇರುವುದು ಅಲ್ಲಿ. ನೀವಾಗಿಯೇ ಮಾತ್ರೆ ನಿಲ್ಲಿಸಲೂಬೇಡಿ, ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಅವರೂ ಹೃದಯದ ಡಾಕ್ಟರೂ ಮಾತಾಡಿ ಹೇಳಬೇಕು.

ಇನ್ನೊಂದು ಕೇಳಿಟ್ಟುಕೊಳ್ಳಿ: ಒಂದೇ ಇಂಜೆಕ್ಷನ್ ಕೊಡ್ತಾರಾ, ನಳಿಗೆ ಬಿಟ್ಟಿರುತ್ತಾರಾ? ಒಂದೇ ಇಂಜೆಕ್ಷನ್ ಆದರೆ ಸುಮಾರು ಅರ್ಧ ದಿನದಲ್ಲಿ ಇಳಿಯುತ್ತದೆ, ನಳಿಗೆ ಇದ್ದರೆ ಎರಡು ಮೂರು ದಿನ ಔಷಧ ಕೊಡಬಹುದು. ಹೇಗಿದ್ದರೂ ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಬೇಕೇ ಬೇಕು. ಆಪರೇಷನ್ ಆದ ಬದಿಯ ಭುಜ ನೋಯಬಹುದು, ಆ ನೋವು ಬೇರೆ ನರದಿಂದ ಬರುವುದರಿಂದ ಬ್ಲಾಕ್ ಅಲ್ಲಿಗೆ ಮುಟ್ಟುವುದಿಲ್ಲ, ಗಾಬರಿ ಬೇಡ, ಸಿಸ್ಟರಿಗೆ ಹೇಳಿ. ತುಟಿ ಜುಮ್ ಅನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಕಾಲು ಎತ್ತಲಾಗದಿರುವುದು, ಇದರಲ್ಲಿ ಯಾವುದು ಕಂಡರೂ ತಕ್ಷಣ ಕರೆಯಿರಿ. ನಮ್ಮ ಕಡೆಯ ಹಿರಿಯರು ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವವರು, ಅಪ್ಪಯ್ಯ ‘ಅಡ್ಡಿಲ್ಲ’ ಅಂದರೂ ಒಮ್ಮೆ ದಿಂಬು ಎದೆಗೆ ಒತ್ತಿ ಕೆಮ್ಮಿಸಿ ನೋಡಿ. ಕೆಮ್ಮಲಾಗದಿದ್ದರೆ ನೋವಿನ ಔಷಧ ಸಾಲುತ್ತಿಲ್ಲ ಅಂತಲೇ ಸಿಸ್ಟರಿಗೆ ಹೇಳಿ, ನಡುರಾತ್ರಿಯಾದರೂ ಸರಿ.